ಚಕಮಕಿ ಕೋವಿಯ ಕಿಡಿ

ನಿಟ್ಟುವಳ್ಳಿಯ ಬೀದಿಯಲ್ಲಿ ಕತ್ತಿ, ಕತ್ತರಿಗಳಿಗೆ ಸಾಣೆ ಹಿಡಿಯುವವನು ಬಂದಾಗ ಮಕ್ಕಳು ಸುತ್ತ ನೆರೆಯುವುದುಂಟು. ತಿರುಗುವ ಸಾಣೆಕಲ್ಲಿಗೆ ಉಕ್ಕಿನ ಅಲಗು ತಾಗಿದೊಡನೆ ಹೊಂಬಣ್ಣದ ಕಿಡಿಗಳು ಸಿಡಿಯುತ್ತವೆ. ಕೆಲವು ಅವನ ಕೈಯ ಮೇಲೆಯೇ ಬೀಳುತ್ತವೆ; ಆದರೂ ಅವನು ಕೈಯನ್ನು ಹಿಂದೆಗೆಯುವುದಿಲ್ಲ. ಕಾದ ಕಬ್ಬಿಣಕ್ಕೆ ಬೊಬ್ಬೆಯೇಳುವ ಚರ್ಮವನ್ನು ಈ ಕಿಡಿ ಏಕೆ ಸುಡುವುದಿಲ್ಲ? ಎರಡು ಶತಮಾನಗಳಿಗೂ ಹೆಚ್ಚು ಕಾಲ ಸೈನಿಕರ ಮತ್ತು ಬೇಟೆಗಾರರ ಕೈಯಲ್ಲಿದ್ದ ಒಂದು ಯಂತ್ರದ ಗುಟ್ಟು ಈ ಸಣ್ಣ ಪ್ರಶ್ನೆಯಲ್ಲಿ ಅಡಗಿದೆ. ಅದೇ ಚಕಮಕಿ ಕೋವಿ.

ಉಷ್ಣತೆ ಬೇರೆ, ಶಾಖ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಕಿಡಿಯ ಉಷ್ಣತೆ ಬಹಳ ಹೆಚ್ಚು. ಆದರೆ ಅದರ ದ್ರವ್ಯರಾಶಿ ಅತ್ಯಲ್ಪವಾದುದರಿಂದ ಅದರಲ್ಲಿರುವ ಶಾಖವೂ ಅತ್ಯಲ್ಪ. ಚರ್ಮಕ್ಕೆ ಅದು ಸಾಲದು. ಆದರೆ ಕೋವಿಮದ್ದಿನ ವಿಷಯ ಹಾಗಲ್ಲ. ಅದರ ಒಂದು ಹರಳಿನ ಒಂದು ಮೂಲೆ ಹೊತ್ತಿಕೊಂಡರೆ ಸಾಕು. ಮುಂದಿನ ಶಾಖವನ್ನು ಮದ್ದು ತಾನೇ ಒದಗಿಸಿಕೊಳ್ಳುತ್ತದೆ.

ಕಿಡಿ ಯಾರದು?

ಕಿಡಿಯು ಚಕಮಕಿ ಕಲ್ಲಿನೊಳಗಿಂದ ಬರುತ್ತದೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಗಟ್ಟಿಯಾದ ಕಲ್ಲಿನ ಹರಿತವಾದ ಅಂಚು ಉಕ್ಕನ್ನು ಕೆರೆದಾಗ ಉಕ್ಕಿನ ಅತಿ ಸಣ್ಣ ಚೂರುಗಳು ಕಿತ್ತು ಬರುತ್ತವೆ. ಘರ್ಷಣೆಯಿಂದ ಅವು ಕಾಯುತ್ತವೆ. ಗಾತ್ರಕ್ಕೆ ಹೋಲಿಸಿದರೆ ಅವುಗಳ ಮೇಲ್ಮೈ ಬಹಳ ಹೆಚ್ಚಾದುದರಿಂದ ಗಾಳಿಯ ಆಮ್ಲಜನಕದೊಡನೆ ಕೂಡಿ ಉರಿಯುತ್ತವೆ. ಕಿಡಿಯೆಂದರೆ ಉರಿಯುತ್ತಿರುವ ಉಕ್ಕು.

ಕೋವಿಯಲ್ಲಿ ಈ ಕಲ್ಲನ್ನು ‘ಕುದುರೆ’ಯ ಬಾಯಿಗೆ ಕಚ್ಚಿಸಿರುತ್ತಾರೆ. ಬೆರಳು ಒತ್ತಿದಾಗ, ಬಾಗಿ ನಿಂತಿದ್ದ ಉಕ್ಕಿನ ಕಮಾನು ಸಡಿಲಗೊಂಡು ಕುದುರೆಯನ್ನು ಮುಂದಕ್ಕೆ ಬೀಸುತ್ತದೆ. ಕಲ್ಲು ಎದುರಿನ ಉಕ್ಕಿನ ಪಟ್ಟಿಯನ್ನು ಕೆರೆಯುತ್ತದೆ. ಪಟ್ಟಿ ಹಿಂದಕ್ಕೆ ಮಗುಚಿ, ತಾನು ಮುಚ್ಚಿದ್ದ ಪುಟ್ಟ ಬಟ್ಟಲನ್ನು ತೆರೆಯುತ್ತದೆ. ಬಟ್ಟಲಲ್ಲಿರುವ ನುಣುಪಾದ ಮದ್ದಿಗೆ ‘ರಂಜಕ’ವೆಂದು ಹೆಸರು. ಕಿಡಿ ಬಿದ್ದು ರಂಜಕ ಹೊತ್ತುತ್ತದೆ. ಅದರ ಜ್ವಾಲೆ ನಳಿಗೆಯ ಪಕ್ಕದ ಸಣ್ಣ ರಂಧ್ರವಾದ ‘ಕಿವಿ’ಯ ಮೂಲಕ ಒಳನುಗ್ಗಿ ಒಳಗಿನ ಮದ್ದನ್ನು ಹೊತ್ತಿಸುತ್ತದೆ. ಬಿಸಿಯಾದ ಅನಿಲಗಳು ಹಿಗ್ಗಿ ಗುಂಡನ್ನು ಹೊರದೂಡುತ್ತವೆ. ಕಮಾನಿನ ಸ್ಥಿತಿಶಕ್ತಿ, ಘರ್ಷಣೆಯ ಶಾಖ, ಮದ್ದಿನ ರಾಸಾಯನಿಕ ಶಕ್ತಿ, ಗುಂಡಿನ ಚಲನಶಕ್ತಿ - ಶಕ್ತಿಯ ರೂಪಾಂತರಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ವಿರಳ.

ಕಾಯುವ ಕಾಲ

ಆದರೆ ಈ ಸರಪಳಿಯ ಒಂದೊಂದು ಕೊಂಡಿಗೂ ಸ್ವಲ್ಪ ಸ್ವಲ್ಪ ಕಾಲ ಹಿಡಿಯುತ್ತದೆ. ಒಟ್ಟು ಸೆಕೆಂಡಿನ ಹತ್ತರಲ್ಲೊಂದು ಭಾಗವೆಂದಿಟ್ಟುಕೊಳ್ಳೋಣ. ಇದೇನು ಮಹಾ ಎನ್ನಬಹುದು. ಓಡುವ ಕಾಡುಹಂದಿಯ ವೇಗ ಸೆಕೆಂಡಿಗೆ 10 ಮೀಟರ್ ಆದರೆ, ಗುಂಡು ಹೊರಬೀಳುವುದರೊಳಗೆ ಅದು 1 ಮೀಟರ್ ಸಾಗಿರುತ್ತದೆ. ಗುಂಡಿನ ವೇಗ ಸೆಕೆಂಡಿಗೆ 400 ಮೀಟರ್ ಎಂದುಕೊಂಡು ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೆ, 40 ಮೀಟರ್ ದೂರ ಹಾರಲು ಅದಕ್ಕೆ ಬೇಕಾಗುವುದೂ ಸೆಕೆಂಡಿನ ಹತ್ತರಲ್ಲೊಂದು ಭಾಗವೇ! ಗುಂಡು ಹಾರುವಷ್ಟು ಹೊತ್ತು ಬೇಟೆಗಾರನು ಕೋವಿಯೊಳಗಿನ ಬೆಂಕಿಗಾಗಿಯೇ ಕಾದಂತಾಯಿತು. ಅಷ್ಟರಲ್ಲಿ ಕಣ್ಣೆದುರಿನ ಹೊಗೆಗೆ ಬೆಚ್ಚಿ ಕೈ ಅರ್ಧ ಡಿಗ್ರಿ ಅಲುಗಿದರೂ, 40 ಮೀಟರ್ ದೂರದಲ್ಲಿ ಗುರಿ ಸುಮಾರು 35 ಸೆಂಟಿಮೀಟರ್ ತಪ್ಪುತ್ತದೆ. ತಪ್ಪಿದ ಈಡಿನಿಂದ ಪ್ರಾಣಿ ಸಾಯುವುದಿಲ್ಲ. ಗಾಯಗೊಂಡು ಪೊದೆ ಸೇರಿ ನರಳುತ್ತದೆ.

ಆದುದರಿಂದ ಕೋವಿಯನ್ನು ಹದಗೊಳಿಸುವುದೆಂದರೆ ಹೆಚ್ಚು ಮದ್ದು ತುಂಬುವುದಲ್ಲ. ಈ ಕಾಯುವ ಕಾಲವನ್ನು ಕಡಮೆ ಮಾಡುವುದು. ಅದಕ್ಕಿಂತ ಮುಖ್ಯವಾಗಿ, ಪ್ರತಿ ಸಲವೂ ಅದು ಒಂದೇ ಸಮನಾಗಿರುವಂತೆ ನೋಡಿಕೊಳ್ಳುವುದು. ಹಳೆಯ ಕುಶಲಕರ್ಮಿಗಳು ಗಮನವಿಟ್ಟಿದ್ದು ಇಲ್ಲಿಯೇ. ಉಕ್ಕಿನ ಪಟ್ಟಿ ಮೆದುವಾಗಿದ್ದರೆ ಕಲ್ಲು ಅದರಲ್ಲಿ ಗೀರು ಕೊರೆಯುತ್ತದೆಯೇ ಹೊರತು ಒಳ್ಳೆಯ ಕಿಡಿ ಹುಟ್ಟುವುದಿಲ್ಲ. ಅದಕ್ಕಾಗಿ ಪಟ್ಟಿಯನ್ನು ಎಲುಬು, ತೊಗಲುಗಳ ಇದ್ದಿಲಿನಲ್ಲಿ ಹುದುಗಿಸಿ ಕಾಯಿಸುತ್ತಿದ್ದರು. ಇಂಗಾಲವು ಮೇಲ್ಪದರಕ್ಕೆ ಇಳಿಯುತ್ತಿತ್ತು. ಒಮ್ಮೆಲೇ ನೀರಿಗದ್ದಿದಾಗ ಆ ಪದರ ಗಡುಸಾಗುತ್ತಿತ್ತು. ಕುದುರೆಯ ಕೀಲುಗಳನ್ನು ನುಣುಪುಗೊಳಿಸಿ, ಕಮಾನಿನ ಶಕ್ತಿ ಘರ್ಷಣೆಯಲ್ಲಿ ವ್ಯರ್ಥವಾಗದಂತೆ ಮಾಡುತ್ತಿದ್ದರು.

ಎಲ್ಲಕ್ಕಿಂತ ಸ್ವಾರಸ್ಯವಾದುದು ಕಿವಿಯ ವಿಚಾರ. ರಂಧ್ರದ ತುಂಬ ಮದ್ದಿದ್ದರೆ ಬೆಂಕಿ ಬೇಗ ತಲಪುತ್ತದೆಂದು ತೋರಬಹುದು. ನಿಜಸ್ಥಿತಿ ಇದಕ್ಕೆ ವಿರುದ್ಧ. ತುಂಬಿದ ಮದ್ದು ಬತ್ತಿಯಂತೆ ಹರಳಿನಿಂದ ಹರಳಿಗೆ ಉರಿಯುತ್ತ ಸಾಗಬೇಕು. ರಂಧ್ರ ಖಾಲಿಯಿದ್ದರೆ ಜ್ವಾಲೆ ನೇರವಾಗಿ ಒಳಕ್ಕೆ ಚಿಮ್ಮುತ್ತದೆ. ಇಲ್ಲಿ ದಾರಿ ತೆರವಾಗಿರುವುದೇ ವೇಗಕ್ಕೆ ಕಾರಣ.

ಗುಂಡಿನ ದಿಕ್ಕು

ಕಾಲದ ನಂತರ ದಿಕ್ಕು. ನುಣುಪಾದ ನಳಿಗೆಯಲ್ಲಿ ಗುಂಡು ಗೋಡೆಗಳಿಗೆ ತಾಗುತ್ತ ಬಂದು, ಹೇಗೆಂದರೆ ಹಾಗೆ ತಿರುಗುತ್ತ ಹೊರಬೀಳುತ್ತದೆ. ಈ ತಿರುಗಾಟದಿಂದಲೇ ಗಾಳಿಯಲ್ಲಿ ಅದರ ದಾರಿ ಡೊಂಕಾಗುತ್ತದೆಂದು ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ತೂಗಾಡುವ ಮರದ ದಿಮ್ಮಿಗೆ ಗುಂಡು ಹೊಡೆದು ಅದರ ವೇಗವನ್ನು ಅಳೆಯುವ ವಿಧಾನವನ್ನೂ ಆತ ವಿವರಿಸಿದ. 32 ಗ್ರಾಂ ಗುಂಡು ಹೊಕ್ಕ ಮೇಲೆ ದಿಮ್ಮಿಯ ಒಟ್ಟು ತೂಕ 8 ಕಿಲೋಗ್ರಾಂ ಆಗಿ, ಅದು 13 ಸೆಂಟಿಮೀಟರ್ ಮೇಲೇರಿತೆನ್ನಿ; ದಿಮ್ಮಿಯ ವೇಗ ಸೆಕೆಂಡಿಗೆ 1.6 ಮೀಟರ್. ಸಂವೇಗ ಉಳಿಯುವ ನಿಯಮದಿಂದ ಗುಂಡಿನ ವೇಗ ಸೆಕೆಂಡಿಗೆ 400 ಮೀಟರ್. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ದಕ್ಷಿಣ ಭಾರತಕ್ಕೆ ಬಂದ ರಾಬಿನ್ಸ್, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ನಳಿಗೆಯ ಒಳಗೆ ಸುರುಳಿಗೆರೆ ಕೊರೆದರೆ ಗುಂಡು ಒಂದೇ ಅಕ್ಷದ ಸುತ್ತ ಬುಗುರಿಯಂತೆ ತಿರುಗಿ ದಾರಿ ತಪ್ಪದು. ಇದೇ ರೈಫಲ್. ಎಣ್ಣೆ ಸವರಿದ ಬಟ್ಟೆಯಲ್ಲಿ ಗುಂಡನ್ನು ಸುತ್ತಿ ಗಜದಿಂದ ಬಿಗಿಯಾಗಿ ತುರುಕಬೇಕಾದುದರಿಂದ ಇದನ್ನು ತುಂಬುವುದು ನಿಧಾನ. ಸೈನ್ಯಗಳಿಗೆ ಬೇಕಾದದ್ದು ಬೇಗ; ಬೇಟೆಗಾರನಿಗೆ ಬೇಕಾದದ್ದು ಗುರಿ.

ಶ್ರೀರಂಗಪಟ್ಟಣದ ಕೋವಿ

ಈ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಅರೆಯುತ್ತಿದ್ದ ಬೃಹತ್ ಬೀಸುವ ಕಲ್ಲುಗಳನ್ನು ಇಂದೂ ನೋಡಬಹುದು. ಟಿಪ್ಪುಸುಲ್ತಾನನಿಗಾಗಿ 1793-94ರಲ್ಲಿ ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿ ತಯಾರಿಸಿದ ಬೇಟೆಯ ಚಕಮಕಿ ಕೋವಿಯೊಂದು ಇಂಗ್ಲೆಂಡನ್ನು ಸೇರಿತು. ಮತ್ತೆ ಮದ್ದು ತುಂಬದೆ, ಒಂದೇ ನಳಿಗೆಯಿಂದ ಎರಡು ಈಡು ಹಾರಿಸುವ ಏರ್ಪಾಡು ಅದರಲ್ಲಿದೆ. 2023ರಲ್ಲಿ ಬ್ರಿಟಿಷ್ ಸರಕಾರವು ಅದು ದೇಶ ಬಿಟ್ಟು ಹೋಗದಂತೆ ತಾತ್ಕಾಲಿಕವಾಗಿ ತಡೆಯಿತು; ಅದರ ಬೆಲೆಯನ್ನು 20 ಲಕ್ಷ ಪೌಂಡೆಂದು ಗೊತ್ತುಮಾಡಲಾಗಿತ್ತು. ಅದು 14 ಬೋರಿನ ಕೋವಿ. ಎಂದರೆ ನಳಿಗೆಗೆ ಸರಿಹೊಂದುವ 14 ಸೀಸದ ಗುಂಡುಗಳು ಒಂದು ಪೌಂಡು ತೂಗುತ್ತವೆ. ಸೀಸದ ಸಾಂದ್ರತೆ 11.34 ಎಂದು ಹಿಡಿದು ಲೆಕ್ಕ ಹಾಕಿ. ಗುಂಡಿನ ವ್ಯಾಸ ಸುಮಾರು 17.6 ಮಿಲಿಮೀಟರ್ ಬರುತ್ತದೆ.

ಎಷ್ಟು ಹದಗೊಳಿಸಿದರೂ ಕಾಯುವ ಕಾಲ ಪೂರ್ತಿ ಹೋಗಲಿಲ್ಲ. ರಂಜಕದ ಬೆಳಕು ಕಂಡು ಹಕ್ಕಿಗಳು ಈಡು ತಗಲುವ ಮುನ್ನವೇ ಹಾರಿಹೋಗುವುದನ್ನು ಕಂಡು ಬೇಸತ್ತ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್, ಪೆಟ್ಟಿಗೇ ಸಿಡಿಯುವ ರಾಸಾಯನಿಕವನ್ನು ಬಳಸಿ 1807ರಲ್ಲಿ ಪೇಟೆಂಟ್ ಪಡೆದ. ಅದರಿಂದ ಹುಟ್ಟಿದ್ದೇ ಕೇಪಿನ ಕೋವಿ. ಚಕಮಕಿಯ ಕಾಲ ಮುಗಿಯತೊಡಗಿತು.

ಬೇಟೆಯ ಕಾಲವೂ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಪ್ರಾಣಿಗಳಿಗೆ ರಕ್ಷಣೆ ನೀಡಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಕೋವಿಯನ್ನು ತಯಾರಿಸುವುದಾಗಲಿ, ಮಾರ್ಪಡಿಸುವುದಾಗಲಿ, ದುರಸ್ತಿ ಮಾಡುವುದಾಗಲಿ ಅಪರಾಧ. ಅಟ್ಟದ ಮೇಲೆ ಅಜ್ಜನ ಕೋವಿ ಸಿಕ್ಕಿದರೆ ಅದನ್ನು ಪರೀಕ್ಷಿಸಲು ಹೊರಡಬಾರದು. ತುಕ್ಕು ಹಿಡಿದ ನಳಿಗೆ ಒತ್ತಡ ತಾಳದೆ ಸಿಡಿಯಬಹುದು, ಒಳಗೆ ಹಳೆಯ ಮದ್ದು ಉಳಿದಿರಲೂ ಬಹುದು. ಹಿರಿಯರ ಮೂಲಕ ಪೊಲೀಸರಿಗೆ ತಿಳಿಸುವುದೇ ಸರಿ.

ನಮ್ಮ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಇಂದು ಕೊಂಡುಕುರಿಗಳಿಗಾಗಿಯೇ ಅಭಯಾರಣ್ಯವಿದೆ. ಅಲ್ಲಿಗೆ ಕೋವಿಯಿಲ್ಲದೆ ಹೋಗೋಣ. ಚಕಮಕಿಯ ಪಾಠಕ್ಕೆ ಸಾಣೆಕಲ್ಲಿನ ಕಿಡಿಯೇ ಸಾಕು.