ಬೂಷ್ಟು ಒರೆಸುವ ಮೊದಲು ನೀರು ಹುಡುಕಿ

ಮುಂಗಾರು ಹಿಡಿದು ಹದಿನೈದು ದಿನ ಆಗುವುದರೊಳಗೆ ಎಷ್ಟೋ ಮನೆಗಳಲ್ಲಿ ಒಂದೇ ದೂರು. ಮಲಗುವ ಕೋಣೆಯ ಗೋಡೆಗೆ ಕಪ್ಪು ಚುಕ್ಕೆ ಬಿದ್ದಿದೆ, ಬೀರು ತೆಗೆದರೆ ಮುಗ್ಗಲು ವಾಸನೆ, ಮದುವೆಗೆ ಉಟ್ಟ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಿಳಿ ಬೂಷ್ಟು. ನೀವು ಮಳೆಯನ್ನು ಬೈಯುತ್ತೀರಿ, ಒದ್ದೆ ಬಟ್ಟೆ ತಂದು ಒರೆಸುತ್ತೀರಿ, ಬೀರುವಿನೊಳಗೆ ನಾಲ್ಕು ನುಸಿಗುಳಿಗೆ ಹಾಕಿ ಬಾಗಿಲು ಮುಚ್ಚುತ್ತೀರಿ. ಇನ್ನೊಂದು ವಾರಕ್ಕೆ ಅದೇ ಜಾಗದಲ್ಲಿ ಬೂಷ್ಟು ಮತ್ತೆ ಹಾಜರು.

ಆಗುಂಬೆಯಂಥ ಊರಿನಲ್ಲಿ, ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಕಡೆ, ಮಳೆಯನ್ನು ದೂರಿದರೆ ಒಪ್ಪಬಹುದು. ಬೆಂಗಳೂರಿಗೆ ಬೀಳುವುದು ಅದರ ಏಳನೇ ಒಂದು ಪಾಲಿನಷ್ಟು. ಅಲ್ಲಿ ಮಾರ್ಚ್ ತಿಂಗಳ ಉರಿಬಿಸಿಲಿನಲ್ಲೂ ನಿಮ್ಮ ಗೋಡೆ ತಣ್ಣಗೆ, ಒದ್ದೆಯಾಗಿ ಕೈಗೆ ಹತ್ತುತ್ತಿದ್ದರೆ ಅದು ಮಳೆಯ ಕೆಲಸವಲ್ಲ. ಆ ಗೋಡೆಯ ಆಚೆ ಬದಿಗೆ ಹೋಗಿ ನೋಡಿ. ಬಹಳಷ್ಟು ಮನೆಗಳಲ್ಲಿ ಅಲ್ಲಿ ಬಚ್ಚಲುಮನೆ ಇರುತ್ತದೆ, ಗೀಸರ್‌ನಿಂದ ಷವರ್‌ಗೆ ಹೋಗುವ ಪೈಪು ಅದೇ ಗೋಡೆಯೊಳಗೆ ಹುದುಗಿರುತ್ತದೆ.

ಹಿಂದಿನವರ ಬಚ್ಚಲುಮನೆ ಹಿತ್ತಿಲ ಕಡೆಗೆ ಇರುತ್ತಿತ್ತು. ಬೆಳಕು ಹರಿಯುವ ಮೊದಲೇ ಹಂಡೆಯ ಒಲೆ ಉರಿಯುತ್ತಿತ್ತು, ಆ ಬಿಸಿಗೆ ಗೋಡೆ ದಿನವೂ ಒಣಗುತ್ತಿತ್ತು. ಮಿಂದ ನೀರು ಕಣ್ಣೆದುರೇ ಹರಿದು ಬಾಳೆಯ ಬುಡಕ್ಕೋ ಬಸಳೆಯ ಚಪ್ಪರಕ್ಕೋ ಹೋಗುತ್ತಿತ್ತು. ಈಗ ಕೋಣೆಗೊಂದು ಅಟ್ಯಾಚ್ಡ್ ಬಾತ್‌ರೂಮು. ಅನುಕೂಲವೇ, ಬೇಡ ಎನ್ನುವುದಿಲ್ಲ. ಆದರೆ ನೀರನ್ನು ಹಾಸಿಗೆಯ ಪಕ್ಕಕ್ಕೆ ತಂದುಕೊಂಡ ಮೇಲೆ ಅದರ ಮೇಲೆ ಒಂದು ಕಣ್ಣಿಡುವ ಅಭ್ಯಾಸವನ್ನೂ ತಂದುಕೊಳ್ಳಬೇಕಿತ್ತು. ನಮ್ಮಲ್ಲಿ ಹೆಚ್ಚಿನವರು ಅದನ್ನು ಮಾಡಲಿಲ್ಲ.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ಅವನ್ನು ತಡೆಯಲು ನಿಮ್ಮಿಂದಾಗದು. ಅವಕ್ಕೆ ಬೇಕಾದ ಆಹಾರವೂ ಮನೆ ತುಂಬ ಇದೆ: ಬಟ್ಟೆ, ಕಾಗದ, ಪ್ಲೈವುಡ್, ಗೋಡೆಗಂಟಿದ ಸೋಪಿನ ಜಿಡ್ಡು. ಅವು ಕಾಯುತ್ತಿರುವುದು ನೀರಿಗೆ ಮಾತ್ರ. ಒದ್ದೆಯಾದ ವಸ್ತು ಒಂದೆರಡು ದಿನ ಹಾಗೇ ಉಳಿದರೆ ಸಾಕು, ಬೇರೂರುತ್ತವೆ. ನಿಮ್ಮ ಕೈಯಲ್ಲಿರುವುದು ಆ ನೀರೊಂದೇ. ಇದು ಬರೀ ಗೋಡೆಯ ಅಂದದ ಪ್ರಶ್ನೆಯಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಉಸಿರಾಟದ ತೊಂದರೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿ ಎಚ್ಚರಿಸಿದೆ. ಮನೆಯಲ್ಲಿ ಮಗುವಿನ ಶೀತ ತಿಂಗಳುಗಟ್ಟಲೆ ಬಿಡುತ್ತಿಲ್ಲವೆಂದರೆ ಡಾಕ್ಟರಿಗೆ ತೋರಿಸಿ, ಜೊತೆಗೆ ಮಗುವಿನ ಮಂಚದ ಹಿಂದಿನ ಗೋಡೆಯನ್ನೂ ಒಮ್ಮೆ ನೋಡಿ.

ಮೊದಲು ಕಣ್ಣಿಗೆ ಕಾಣುವ ಸೋರಿಕೆ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ನೀವು ಕೆಳಗೊಂದು ಬಕೆಟ್ ಇಟ್ಟು ಸುಮ್ಮನಾಗುತ್ತೀರಿ. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ಇಪ್ಪತ್ತು ಲೀಟರ್ ಮೀರುತ್ತದೆ. ಹನಿಗೂಡಿದರೆ ಹಳ್ಳ ಎಂದು ಗಾದೆ ಹೇಳುವುದು ಒಳ್ಳೆಯದಕ್ಕೆ ಮಾತ್ರವಲ್ಲ! ಹತ್ತಿಪ್ಪತ್ತು ರೂಪಾಯಿಯ ವಾಷರ್ ಬದಲಿಸಿದರೆ ಮುಗಿಯುವ ಕೆಲಸ. ಅದನ್ನು ವರ್ಷಗಟ್ಟಲೆ ಬಿಟ್ಟು, ಸ್ಪಿಂಡಲ್ ಸವೆದು, ಗೋಡೆಯೊಳಗಿನ ಜೋಡಣೆಯೂ ಸಡಿಲವಾದ ಮೇಲೆ ಟೈಲ್ಸ್ ಒಡೆಸುತ್ತೀರಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವುದೆಂದರೆ ಇದೇ. ಬಟ್ಟೆ ಸುತ್ತುವುದು, ಎಂ-ಸೀಲ್ ಮೆತ್ತುವುದು ಪ್ಲಂಬರ್ ಬರುವ ತನಕ ಇರಲಿ. ಮೆತ್ತಿದ ಮೇಲೆ ಅವನನ್ನು ಕರೆಯುವುದನ್ನೇ ಮರೆಯಬೇಡಿ.

ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿಲನ್ನು ಎಷ್ಟು ದಿನದಿಂದ ಪೂರ್ತಿ ತೆರೆದಿಲ್ಲ? ಅಲ್ಲಿ ಹಳೆಯ ಪೇಪರ್ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ತುರುಕಿ, ಫಿನಾಯಿಲ್ ಬಾಟಲಿ ಜೋಡಿಸಿ ಇಟ್ಟಿರುತ್ತೀರಿ. ಎಲ್ಲವನ್ನೂ ಹೊರಗೆ ತೆಗೆಯಿರಿ. ಒಣ ಟಿಶ್ಯೂ ಕಾಗದ ಹಿಡಿದು ಆಂಗಲ್ ಕಾಕ್‌ನ ನಟ್ಟಿನ ಸುತ್ತ, ಕನೆಕ್ಷನ್ ಪೈಪಿನ ಎರಡೂ ತುದಿಗೆ, ಬಾಟಲ್ ಟ್ರ್ಯಾಪಿನ ತಿರುಪಿನ ಸುತ್ತ ಒಂದೊಂದೇ ಕಡೆ ಒತ್ತಿ ನೋಡಿ. ಬೆರಳಿಗೆ ಗೊತ್ತಾಗದ ತೇವ ಕಾಗದದಲ್ಲಿ ಕಾಣುತ್ತದೆ. ನಟ್ಟಿನ ಬಳಿ ಬಿಳಿ ಉಪ್ಪು ಕಟ್ಟಿದ್ದರೆ ಅಲ್ಲಿ ನೀರು ಜಿನುಗಿ ಒಣಗಿ, ಜಿನುಗಿ ಒಣಗಿ ಬಹಳ ಕಾಲವಾಗಿದೆ ಎಂದು ಅರ್ಥ. ಬೋರ್‌ವೆಲ್‌ನ ಗಡಸು ನೀರಿನ ಮನೆಗಳಲ್ಲಿ ಇದು ಬೇಗ ಕಾಣುತ್ತದೆ. ಕನೆಕ್ಷನ್ ಪೈಪಿನ ಹೆಣಿಗೆಯಲ್ಲಿ ತುಕ್ಕು ಕಂಡರೆ, ಎಲ್ಲಾದರೂ ಉಬ್ಬಿದ್ದರೆ, ಅದು ಒಡೆಯುವವರೆಗೆ ಕಾಯಬೇಡಿ. ಚೆನ್ನಾಗಿ ಕಂಡರೂ ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ವಾಷಿಂಗ್ ಮಷೀನಿನ ಪೈಪಿಗೂ, ಆರ್‌ಒ ಫಿಲ್ಟರಿನ ಸಣ್ಣ ಟ್ಯೂಬಿಗೂ ಇದೇ ಮಾತು. ಇನ್ನು ಆ ಪೇಪರ್ ಹಾಸುವ ಅಭ್ಯಾಸ ಬಿಡಿ, ಅದು ಹನಿಯನ್ನು ಹೀರಿ ನಿಮ್ಮಿಂದ ಮುಚ್ಚಿಡುತ್ತದೆ.

ಸಿಂಕಿಗೆ ಎಣ್ಣೆ ಜಿಡ್ಡು, ಹಿಟ್ಟು ತೊಳೆದ ಗಟ್ಟಿ ನೀರು, ಫಿಲ್ಟರಿನ ಕಾಫಿ ಚರಟ ಸುರಿಯಬೇಡಿ. ಚರಟ ಗಿಡಕ್ಕೆ ಹೋಗಲಿ. ಬಚ್ಚಲಿನ ಜಾಲರಿ ಎತ್ತಿ ವಾರಕ್ಕೊಮ್ಮೆ ಕೂದಲು ತೆಗೆಯಿರಿ. ಕಟ್ಟಿಕೊಂಡ ನೀರು ನೆಲದ ಮೇಲೆ ನಿಂತಷ್ಟು ಹೊತ್ತೂ ಟೈಲ್ಸ್ ಸಂದಿಗೆ ಇಳಿಯುತ್ತಿರುತ್ತದೆ.

ಈ ಸಂದಿನ ವಿಷಯ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಫ್ಲ್ಯಾಟುಗಳಲ್ಲಿ ಬಚ್ಚಲಿನ ಸ್ಲ್ಯಾಬನ್ನು ಸಾಮಾನ್ಯವಾಗಿ ಒಂದಡಿಯಷ್ಟು ತಗ್ಗಿಸಿ, ಅದರೊಳಗೆ ಪೈಪು ಹಾಯಿಸಿ, ಮೇಲೆ ಇಟ್ಟಿಗೆ ಚೂರು ತುಂಬಿ ಟೈಲ್ಸ್ ಹಾಕಿರುತ್ತಾರೆ. ಸಂದಿನ ಸಿಮೆಂಟು ಉದುರಿದರೆ, ಅಥವಾ ನೆಲದ ನೀರು ಇಳಿದುಹೋಗುವ ನಹಾನಿ ಟ್ರ್ಯಾಪಿನ ಅಂಚು ಬಿಟ್ಟುಕೊಂಡರೆ, ಮಿಂದ ನೀರಿನಲ್ಲಿ ಸ್ವಲ್ಪ ಸ್ವಲ್ಪ ಆ ಗುಂಡಿಗೆ ಸೇರುತ್ತದೆ. ಅಲ್ಲಿಂದ ಅದಕ್ಕೆ ಹೊರಹೋಗುವ ದಾರಿ ಇಲ್ಲ. ತಿಂಗಳುಗಳ ಮೇಲೆ ಕೆಳಗಿನ ಮನೆಯವರ ಸೂರಿನಲ್ಲಿ ಹಳದಿ ಕಲೆಯಾಗಿಯೋ, ನಿಮ್ಮದೇ ಕೋಣೆಯ ಗೋಡೆಯ ಬುಡದಲ್ಲಿ ಉಬ್ಬಿದ ಪೇಂಟಾಗಿಯೋ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಟೈಲ್ಸ್ ಸಂದುಗಳನ್ನು ವರ್ಷಕ್ಕೊಮ್ಮೆ ಮಂಡಿಯೂರಿ ಕೂತು ನೋಡಿ, ಬಿಟ್ಟಲ್ಲಿ ಗ್ರೌಟ್ ತುಂಬಿಸಿ. ಮತ್ತೆ, ದಯವಿಟ್ಟು ಆಸಿಡ್ ಹಾಕಿ ಬಚ್ಚಲು ತೊಳೆಯುವುದನ್ನು ನಿಲ್ಲಿಸಿ. ಅದು ಕಲೆಯ ಜೊತೆಗೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ.

ಗೋಡೆಯೊಳಗಿನ ಸೋರಿಕೆ ಪತ್ತೆ ಮಾಡಲು ಮೊದಲೇ ಸುತ್ತಿಗೆ ಹಿಡಿದವರನ್ನು ಕರೆಯಬೇಕಿಲ್ಲ. ತೇವದ ನಡತೆಯನ್ನು ಒಂದು ವಾರ ಗಮನಿಸಿ. ಮಳೆ ಬಂದಾಗ ಹೆಚ್ಚಾಗಿ ಬಿಸಿಲಿಗೆ ಕುಗ್ಗಿದರೆ ತಾರಸಿಯೋ ಹೊರಗೋಡೆಯೋ ಕಾರಣ. ಸ್ನಾನ ಮಾಡಿದ ದಿನ ಹೆಚ್ಚಿ, ಊರಿಗೆ ಹೋಗಿ ಬಂದಾಗ ಕಡಿಮೆಯಾಗಿದ್ದರೆ ಹೊರಹೋಗುವ ಪೈಪು ಅಥವಾ ಟೈಲ್ಸ್ ಸಂದು. ನೀವು ನೀರು ಬಳಸಲಿ ಬಿಡಲಿ, ಒಂದೇ ಸಮ ಒದ್ದೆ ಇದ್ದರೆ ನಲ್ಲಿಗೆ ನೀರು ತರುವ ಪೈಪಿನ ಮೇಲೆ ಅನುಮಾನ ಪಡಿ. ಆಗ ಆ ಬಚ್ಚಲಿನ ವಾಲ್ವ್ ಮುಚ್ಚಿ ಕೆಲವು ದಿನ ಬೇರೆ ಬಚ್ಚಲು ಬಳಸಿ, ಗೋಡೆ ಆರತೊಡಗಿದರೆ ಕಳ್ಳ ಸಿಕ್ಕಿದ ಹಾಗೆ.

ಇನ್ನೊಂದು ಪರೀಕ್ಷೆ ಇದೆ. ರಾತ್ರಿ ಓವರ್‌ಹೆಡ್ ಟ್ಯಾಂಕು ತುಂಬಿಸಿ, ಮೋಟಾರ್ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗಿನವರೆಗೆ ಯಾರೂ ಫ್ಲಷ್ ಕೂಡ ಮಾಡಬಾರದು. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮೊದಲು ಫ್ಲಷ್ ಟ್ಯಾಂಕನ್ನೇ ವಿಚಾರಿಸಿ. ಕೇಸರಿಬಾತಿಗೆ ಹಾಕುವ ಬಣ್ಣ ಚಿಟಿಕೆಯಷ್ಟು ಅದರೊಳಗೆ ಹಾಕಿ ಕಾಲು ಗಂಟೆ ಬಿಟ್ಟು ನೋಡಿ. ಫ್ಲಷ್ ಮಾಡದೆಯೇ ಬಣ್ಣ ಕಮೋಡಿಗೆ ಇಳಿದಿದ್ದರೆ ಒಳಗಿನ ರಬ್ಬರು ಸವೆದಿದೆ, ಬದಲಿಸಿದರಾಯಿತು. ಅಲ್ಲೂ ಇಲ್ಲವೆಂದಾದರೆ ಪೈಪಿನ ಪ್ರೆಷರ್ ಟೆಸ್ಟ್ ಮಾಡುವ ಪ್ಲಂಬರನ್ನು ಹುಡುಕಿ. ಟೆಸ್ಟ್ ಮಾಡದೆ ನೇರವಾಗಿ ಟೈಲ್ಸ್ ಒಡೆಯಲು ಹೊರಟವರನ್ನು ಬಾಗಿಲಿನಿಂದಲೇ ಕಳಿಸಿಬಿಡಿ.

ಸೋರಿಕೆ ನಿಂತ ಮೇಲೆ ಆತುರ ಬೇಡ. ಒದ್ದೆ ಗೋಡೆ ಒಣಗಲು ವಾರಗಟ್ಟಲೆ ಬೇಕು. ಹಬ್ಬ ಬಂತು, ನೆಂಟರು ಬಂದರು ಎಂದು ತೇವದ ಮೇಲೆಯೇ ಪೇಂಟು ಬಳಿದರೆ ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಬೂಷ್ಟಿನ ಕಲೆ ಮೂರಡಿ ಉದ್ದಗಲದೊಳಗಿದ್ದರೆ ನೀವೇ ತೆಗೆಯಬಹುದು. ಕಿಟಕಿ ತೆರೆದು, ಮೂಗಿಗೆ ಮಾಸ್ಕ್, ಕೈಗೆ ಗವಸು ಹಾಕಿ, ಸೋಪಿನ ನೀರಿನಲ್ಲಿ ಉಜ್ಜಿ, ಒರೆಸಿ, ಒಣಗಿಸಿ. ಪೊರಕೆಯಿಂದ ಒಣದಾಗಿ ಕೆರೆಯಬೇಡಿ, ಬೀಜಕಣವೆಲ್ಲ ಮನೆ ತುಂಬ ಹಾರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವ ಕಾರಣಕ್ಕೂ ಸೇರಿಸಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ಕೆಲಸದವರಿಗೂ ಇದನ್ನು ಬಿಡಿಸಿ ಹೇಳಿ. ತೇವ ಸ್ವಿಚ್‌ಬೋರ್ಡಿನ ಹತ್ತಿರಕ್ಕೆ ಬಂದಿದ್ದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಗೋಡೆ ಮುಟ್ಟಲೇಬೇಡಿ.

ಇಷ್ಟೆಲ್ಲ ನೆನಪಿಡುವುದು ಹೇಗೆ ಎನ್ನುತ್ತೀರಾ? ಹಿರಿಯರು ಅದಕ್ಕೊಂದು ದಿನ ಇಟ್ಟೇ ಹೋಗಿದ್ದಾರೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಹಂಡೆ ಬೆಳಗಿ, ಬಚ್ಚಲು ತೊಳೆದು, ಹೊಸ ನೀರು ತುಂಬಿ ಪೂಜೆ ಮಾಡುತ್ತೇವಲ್ಲ, ಮಳೆಗಾಲ ಕಳೆದ ಮೇಲಿನ ತಪಾಸಣೆಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಂಡೆಯ ಬದಲು ಗೀಸರ್ ಬಂದಿರಬಹುದು, ಅದಕ್ಕೆ ಅರಿಶಿನ ಕುಂಕುಮ ಹಚ್ಚುವ ಮೊದಲು ಕೆಳಗಿನ ಎರಡು ಪೈಪುಗಳ ಬುಡ ಸವರಿ ನೋಡಿ. ಇನ್ನೊಂದು ತಪಾಸಣೆ ಮೇ ತಿಂಗಳ ನಡುವಿನಲ್ಲಿ, ಮುಂಗಾರಿಗೆ ಮೊದಲು. ಆಗ ತಾರಸಿ ಹತ್ತಿ, ಮಳೆನೀರಿನ ಪೈಪಿನ ಬಾಯಿಂದ ಎಲೆ ಕಸ ತೆಗೆಯಿರಿ, ಸೋಲಾರ್ ಹೀಟರಿನ ಜೋಡಣೆ ನೋಡಿ, ಟ್ಯಾಂಕಿನ ಬಾಲ್ ವಾಲ್ವ್ ನೀರು ನಿಲ್ಲಿಸುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಜೂನ್ ತಿಂಗಳಲ್ಲಿ ಕೆರೆಯಾದ ತಾರಸಿ ನೋಡಿ ಓಡಾಡಿದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗುತ್ತದೆ.

ದಿನನಿತ್ಯಕ್ಕೆ ಎರಡೇ ಕೆಲಸ. ಸ್ನಾನ ಮುಗಿಸಿದವರು ವೈಪರ್‌ನಿಂದ ನೆಲದ ನೀರೆಳೆದು, ಎಗ್ಜಾಸ್ಟ್ ಫ್ಯಾನ್ ಹಾಕಿ ಬರಬೇಕು. ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟ ಬೀರು ಇದ್ದರೆ ನಾಲ್ಕು ಬೆರಳು ಮುಂದಕ್ಕೆ ಎಳೆದಿಡಿ, ಗಾಳಿ ಆಡಲಿ. ರೇಷ್ಮೆ ಸೀರೆಗಳನ್ನು ಬೇರೆ ಗೋಡೆಯ ಬೀರುವಿಗೆ ಬದಲಾಯಿಸಿದರೆ ಇನ್ನೂ ಒಳ್ಳೆಯದು.

ಫ್ಲ್ಯಾಟಿನವರಿಗೆ ಪ್ರತ್ಯೇಕ ಮಾತು. ಮೇಲಿನ ಮನೆಯಿಂದ ಸೋರುತ್ತಿದ್ದರೆ ಮೊದಲ ದಿನವೇ ಜಗಳಕ್ಕೆ ಇಳಿಯಬೇಡಿ, ಅವರನ್ನು ಕರೆದು ನಿಮ್ಮ ಸೂರು ತೋರಿಸಿ. ತಮ್ಮ ಮನೆಯಲ್ಲಿ ಏನೂ ಕಾಣದ್ದರಿಂದ ಅವರು ನಿಜವಾಗಿಯೂ ನಂಬಿರುವುದಿಲ್ಲ. ಕೆಳಗಿನವರು ನಿಮ್ಮ ಬಾಗಿಲು ತಟ್ಟಿದಾಗಲೂ ಅಷ್ಟೇ, ‘ನಮ್ಮದಲ್ಲ’ ಎನ್ನುವ ಮೊದಲು ಒಮ್ಮೆ ಇಳಿದು ಹೋಗಿ ನೋಡಿ.

ಹೊಸ ಮನೆ ಕಟ್ಟಿಸುತ್ತಿದ್ದರೆ, ಪ್ಲಾಸ್ಟರಿಂಗ್ ಆಗುವ ಮೊದಲು ಗೋಡೆಗೋಡೆಯ ಪೈಪುಗಳ ಫೋಟೋ ತೆಗೆದು ಮನೆಪತ್ರದ ಜೊತೆಗೆ ಇಡಿ. ಹಳೆ ಮನೆಯಾದರೆ, ಮುಖ್ಯ ವಾಲ್ವ್ ಎಲ್ಲಿದೆ ಎಂದು ಇವತ್ತು ಸಂಜೆಯೇ ಮನೆಯವರಿಗೆಲ್ಲ ತೋರಿಸಿ, ಒಮ್ಮೆ ತಿರುಗಿಸಿಯೂ ನೋಡಿ. ತುಕ್ಕು ಹಿಡಿದು ತಿರುಗದಿದ್ದರೆ ಮೊದಲು ಬದಲಿಸಬೇಕಾದದ್ದು ಅದನ್ನೇ. ನಾಳೆ ಪ್ಲಂಬರ್‌ಗೆ ಫೋನ್ ಮಾಡುವಾಗ ವಾಲ್ವಿನ ಅಳತೆಯನ್ನೂ ಹೇಳಿಬಿಡಿ, ಒಂದೇ ಸಲಕ್ಕೆ ತಂದು ಹಾಕುತ್ತಾನೆ.