ಹೊಡೆ ಸೀಳಿ ನೋಡಿದವನ ಕಾಗದ

ಚಿರಂಜೀವಿ ಕೂಸಿಗೆ,

ನಿನ್ನಜ್ಜಿಯ ಮಂಡಿನೋವು ಇದ್ದ ಹಾಗೇ ಇದೆ. ಆದರೂ ನಿನ್ನೆ ಭೂಮಿ ಹುಣ್ಣಿಮೆ ಅಂತ ಹಿಂದಿನ ರಾತ್ರಿಯಿಡೀ ಒಲೆ ಮುಂದಿನಿಂದ ಏಳಲಿಲ್ಲ. ಗದ್ದೆಗೆ ಚೆಲ್ಲುವ ಹಚ್ಚಂಬಲಿಗೆ ಸೊಪ್ಪು ಹುಡುಕಿಕೊಂಡು ಬೇಲಿ ಬೇಲಿ ಸುತ್ತಿದವನು ನಾನು. ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಪೈರಿಗೆ ಪೂಜೆ ಮಾಡಿ, ಎಡೆಯಿಟ್ಟು, ಅಲ್ಲೇ ಬದುವಿನ ಮೇಲೆ ಕೂತು ಉಂಡು ಬಂದೆವು. ಬುಟ್ಟಿಯ ಚಿತ್ತಾರವನ್ನು ಈ ಸಲ ಪಕ್ಕದ ಮನೆಯ ಹುಡುಗಿ ಬರೆದಳು. ಕೈ ಪರವಾಗಿಲ್ಲ, ನಿನ್ನಷ್ಟಿಲ್ಲ.

ಹೋದ ವಾರ ಫೋನಿನಲ್ಲಿ ನೀನು ಹೇಳಿದ್ದಕ್ಕೆ ನಾನು ಹೂಂ ಅಂದು ಸುಮ್ಮನಾದೆ. 'ಮೂರು ಸಲ ಪರೀಕ್ಷೆ ಬರೆದೆ ಅಜ್ಜ, ಇಪ್ಪತ್ತಾರು ತುಂಬಿತು, ದೀಪಾವಳಿಯೊಳಗೆ ಏನಾದರೊಂದು ಆಗಲೇಬೇಕು' ಅಂದೆ. ಆ 'ಆಗಲೇಬೇಕು' ಕಿವಿಯಲ್ಲೇ ಉಳಿದುಬಿಟ್ಟಿತು. ನಿನ್ನೆ ಗದ್ದೆಯಲ್ಲಿ ಕೂತಾಗ ಹಳೆಯದೊಂದು ನೆನಪಾಯಿತು. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ.

ನನಗಾಗ ಏಳೆಂಟು ವರ್ಷ. ಇಂಥದೇ ಹುಣ್ಣಿಮೆಯ ದಿನ ನನ್ನವ್ವ, 'ಪೈರು ಬಸುರಿ, ಕಾಲಿಗೆ ಮೆಟ್ಟು ಹಾಕಿಕೊಂಡು ಹೋಗಬೇಡ' ಅಂದಿದ್ದಳು. ಬಸುರಿ ಅಂದಮೇಲೆ ಒಳಗೇನಿದೆ ನೋಡಬೇಕಲ್ಲ! ದೊಡ್ಡವರು ಉಣ್ಣುತ್ತಿರುವಾಗ ಗದ್ದೆಯ ಮೂಲೆಗೆ ಹೋಗಿ, ದಪ್ಪಗಾಗಿದ್ದ ಒಂದು ಹೊಡೆಯನ್ನು ಬಗ್ಗಿಸಿ ಹೆಬ್ಬೆರಳ ಉಗುರಿನಿಂದ ಸೀಳಿದೆ. ಒಳಗೆ ತೆನೆ ಇತ್ತು. ಒದ್ದೆ ಒದ್ದೆಯಾಗಿ, ಬಿಳಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣದಲ್ಲಿ, ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಒತ್ತಾಗಿ ಮಲಗಿತ್ತು. ಕಚ್ಚಿ ನೋಡಿದರೆ ಬರೀ ಹುಲ್ಲಿನ ರುಚಿ. ಹೆದರಿಕೆಯಾಗಿ ಮತ್ತೆ ಮುಚ್ಚಿ, ಒಂದು ಹುಲ್ಲೆಳೆ ಸುತ್ತಿ ಗಂಟು ಹಾಕಿ ಓಡಿಬಂದೆ. ಕೆಲವು ವಾರಕ್ಕೆ ಸುತ್ತಲಿನ ತೆನೆಯೆಲ್ಲ ಹೊರಬಂದು ತಲೆ ಬಾಗಿಸಿತು. ನಾನು ಗಂಟು ಹಾಕಿದ್ದು ಮಾತ್ರ ಬೆಳ್ಳಗೆ ಒಣಗಿ ನೆಟ್ಟಗೆ ನಿಂತಿತ್ತು. ಅವ್ವ ಆ ಗಂಟನ್ನು ನೋಡಿದಳು, ನನ್ನ ಮುಖ ನೋಡಿದಳು. ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಹಾಗಂತ ಕೈಕಟ್ಟಿ ಕೂತಿರು ಅಂತ ಹೇಳಲು ಈ ಕಾಗದ ಬರೆಯುತ್ತಿಲ್ಲ. ನಮ್ಮ ಸೊರಬ, ಶಿಕಾರಿಪುರದ ಕಡೆ ಕೂರಿಗೆ ಭತ್ತ ಬಿತ್ತುವುದನ್ನು ನೀನು ಕಂಡವಳೇ. ಮೇ ತಿಂಗಳ ಕೊನೆಗೆ ರೋಹಿಣಿ ಮಳೆ ಹುಟ್ಟುತ್ತದೆ ಅಂತ ಪಂಚಾಂಗ ಹೇಳುತ್ತದೆ. ಪಂಚಾಂಗ ಹೇಳುವುದು 'ಗದ್ದೆಗೆ ಹೋಗಿ ನೋಡು' ಅಂತ. 'ಬಿತ್ತು' ಅಂತ ಹೇಳುವುದು ಮಣ್ಣು. ನನ್ನಪ್ಪ ಗದ್ದೆಯ ನಡುವೆ ನಿಂತು ಒಂದು ಹಿಡಿ ಮಣ್ಣೆತ್ತಿ ಉಂಡೆ ಕಟ್ಟಿ, ಎದೆಮಟ್ಟದಿಂದ ಕೈಬಿಡುತ್ತಿದ್ದ. ಉಂಡೆ ಉಂಡೆಯಾಗಿಯೇ ಬಿದ್ದರೆ ಹಸಿ ಹೆಚ್ಚು. ಕಟ್ಟಲಿಕ್ಕೇ ಬಾರದಿದ್ದರೆ ಒಣಗಿದೆ. ಬಿದ್ದು ಪುಡಿಪುಡಿಯಾಗಿ ಹರಡಿದರೆ ಹದ. ಆ ಹದ ಎರಡು ದಿನ, ಹೆಚ್ಚೆಂದರೆ ಮೂರು ದಿನ. ಆಗ ಮಾತ್ರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಕಾಯುವುದನ್ನು ಬಲ್ಲವನೇ ಆ ಎರಡು ದಿನ ಬೆಳಗಿನ ಜಾವಕ್ಕೆ ಎತ್ತು ಕಟ್ಟುತ್ತಿದ್ದ.

ನಿಮ್ಮಪ್ಪ ಹುಟ್ಟಿದ ವರ್ಷ ಬೇಸಾಯ ಮೊದಲ ಸಲ ನನ್ನ ಕೈಗೆ ಬಂತು. ಪಕ್ಕದ ಗದ್ದೆಯವರ ಕೂರಿಗೆ ಇಳಿದದ್ದು ಕಂಡಿದ್ದೇ ತಡ, ನಾನೂ ಇಳಿಸಿದೆ. ಅವರದು ಮರಳುಮಿಶ್ರಿತ ಮೇಲ್ಗದ್ದೆ, ನಮ್ಮದು ಜಿಗುಟು ಮಣ್ಣಿನ ತಗ್ಗು. ಕೂರಿಗೆಯ ತಾಳಿಗೆ ಮಣ್ಣು ಮೆತ್ತಿಕೊಂಡು ಸಾಲು ಹೆಂಟೆ ಹೆಂಟೆಯಾಯಿತು, ಬೀಜ ಅರ್ಧ ಕೊಳೆಯಿತು. ಅಪ್ಪ ಒಂದು ಮಾತೂ ಆಡದೆ ಎರಡನೇ ಸಲಕ್ಕೆ ಬೀಜ ಅಳೆದುಕೊಟ್ಟ.

ಆವತ್ತು ಬೆಳಿಗ್ಗೆ ನನ್ನ ಮನಸ್ಸೂ 'ಬಿತ್ತು' ಅಂದಿತ್ತು, ಸುಳ್ಳಲ್ಲ. ಮನಸ್ಸಿಗೆ ಅನ್ನಿಸಿದ್ದನ್ನು ನಂಬು ಅಂತ ಈಗ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಅವಸರವೂ ಒಳಗಿನಿಂದಲೇ ಮಾತಾಡುತ್ತದೆ ಕೂಸೇ, ಅದೇ ದನಿಯಲ್ಲಿ. ನನಗೆ ಗೊತ್ತಿರುವ ಗುರುತು ಒಂದೇ. ಅವಸರ ಯಾವಾಗಲೂ ಪಕ್ಕದ ಗದ್ದೆಯ ಸುದ್ದಿ ಹೇಳುತ್ತಿರುತ್ತದೆ, ಹದ ನಿನ್ನ ಮಣ್ಣಿನ ಸುದ್ದಿ ಮಾತ್ರ ಹೇಳುತ್ತದೆ. ಅಪ್ಪನ ಅಂದಾಜು ಆಕಾಶದಿಂದ ಇಳಿದದ್ದಲ್ಲ, ನಲವತ್ತು ವರ್ಷ ಅದೇ ಮಣ್ಣು ಹಿಡಿದ ಅಂಗೈಯದು.

ಅದೇ ಫೋನಿನಲ್ಲಿ ನೀನು 'ನೋಡು, ಮಯೂರಶರ್ಮ ಒಂದೇ ಏಟಿಗೆ ಪುಸ್ತಕ ಬಿಟ್ಟು ಕತ್ತಿ ಹಿಡಿಯಲಿಲ್ಲವೇ' ಅಂದೆ. 1975ರ ರಾಜ್‌ಕುಮಾರ್ ಸಿನಿಮಾ ನೋಡಿದವರೆಲ್ಲ ಹಾಗೇ ಹೇಳುತ್ತಾರೆ. ಮೂರು ಗಂಟೆಯಲ್ಲಿ ರಾಜ್ಯ ಕಟ್ಟಬೇಕಲ್ಲ, ಅವರೇನು ಮಾಡಿಯಾರು! ತಾಳಗುಂದದ ಶಾಸನದ ಕಂಬ ಹೇಳುವುದು ಬೇರೆ. ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕೆಗೆ ಹೋದ ಹುಡುಗನಿಗೆ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು, ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ಅಲ್ಲಿಯವರೆಗೆ ಸರಿ. ಆಮೇಲೆ ಅವನು ನೇರ ಕಂಚಿಗೆ ನುಗ್ಗಲಿಲ್ಲ. ಗಡಿಯ ಕಾವಲಿನವರನ್ನು ಸೋಲಿಸಿ, ಶ್ರೀಪರ್ವತದ ಕಾಡು ಸೇರಿ, ಬಾಣರಿಂದ ಕಪ್ಪ ವಸೂಲಿ ಮಾಡುತ್ತ ತನ್ನ ನೆಲೆಯಲ್ಲಿ ಗಟ್ಟಿಯಾದ. ಕೊನೆಗೆ ಪಲ್ಲವರೇ ಸ್ನೇಹಕ್ಕೆ ಬಂದು ಅವನಿಗೆ ನಾಡು ಬಿಟ್ಟುಕೊಟ್ಟರು. ಸಿಟ್ಟು ಒಂದು ಗಳಿಗೆಯದು, ಕಾಡು ಬಹಳ ದಿನದ್ದು. ಆ ಕಂಬವಾದರೂ ನಿಂತದ್ದು ಅವನ ಕಾಲಕ್ಕಲ್ಲ, ತಲೆಮಾರುಗಳು ಕಳೆದು ಅದೇ ವಂಶದ ಶಾಂತಿವರ್ಮನ ಕಾಲಕ್ಕೆ. ಅದನ್ನು ನಿಲ್ಲಿಸಿದ ಕಾರಣ ಯುದ್ಧವೂ ಅಲ್ಲ, ಕಾಕುಸ್ಥವರ್ಮ ಅಲ್ಲಿನ ಶಿವನ ಗುಡಿಗೆ ಕಟ್ಟಿಸಿದ ಒಂದು ಕೆರೆ. ಕೆರೆಯ ಮಾತು ಹೇಳಹೊರಟ ಕುಬ್ಜ ಕವಿ ವಂಶದ ಕತೆಯನ್ನೆಲ್ಲ ಹೇಳಿ, ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದ.

ಪರೀಕ್ಷೆ ಬಿಡು ಅನ್ನಲು ನಾನು ಯಾರು, ಬರೆ ಅನ್ನಲೂ ನಾನು ಯಾರು. ನನಗೆ ಕೇಳಿಸಿದ್ದನ್ನು ಹೇಳುತ್ತೇನೆ. ಕೋಚಿಂಗಿನ ವಿಷಯ ಹೇಳುವಾಗ ನಿನ್ನ ದನಿ ಲೆಕ್ಕ ಒಪ್ಪಿಸುವವರ ದನಿಯ ಹಾಗಿತ್ತು. ನಡುವೆ, ಬಾಡಿಗೆ ಮನೆಯ ಯಜಮಾನರ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಟ್ಟ ಸುದ್ದಿ ಬಂತು. ದೋಸೆ ಹರಿದು ತೋರಿಸಿದೆ ಅಂತ ನಕ್ಕೆ ನೋಡು, ಆಗ ಹತ್ತು ನಿಮಿಷ ನನಗೆ ಮಾತಾಡಲಿಕ್ಕೇ ಬಿಡಲಿಲ್ಲ. ಒಂದು ಹಿಡಿ ಮಣ್ಣು ಅಷ್ಟೇ ಅದು. ಉಂಡೆ ಕಟ್ಟಿ ಬಿಟ್ಟು ನೋಡುವವಳು ನೀನು. ದೀಪಾವಳಿಯೊಳಗೇ ನೋಡಬೇಕೆಂದಿಲ್ಲ.

ಹಬ್ಬಕ್ಕೆ ಬರುವಾಗ ಶಿರಾಳಕೊಪ್ಪದಲ್ಲೇ ಇಳಿ. ಟಿವಿಎಸ್ ತಗೊಂಡು ನಾನು ಬಸ್‌ಸ್ಟ್ಯಾಂಡಿಗೆ ಬರುತ್ತೇನೆ. ನಿಮ್ಮಪ್ಪನಿಗೆ ಹೇಳಬೇಡ, ಈ ವಯಸ್ಸಿಗೆ ಗಾಡಿ ಯಾಕೆ ಅಂತ ಬೈಯುತ್ತಾನೆ. ತಾಳಗುಂದಕ್ಕೆ ಹೋಗಿ ಕಂಬ ನೋಡಿಕೊಂಡು ಮನೆಗೆ ಹೋಗೋಣ. ಅಜ್ಜಿ ನಿನಗೆ ಅಂತ ಹೀರೇಕಾಯಿ ಬಳ್ಳಿಯಲ್ಲೇ ಬಿಟ್ಟಿದ್ದಾಳೆ. ಬಲಿಯುವುದರೊಳಗೆ ಬಾ.

ಇಂತಿ,
ನಿನ್ನ ಅಜ್ಜ