ಸ್ವರಲಿಪಿ ತಿದ್ದುವ ಮೊಬೈಲ್ ಆ್ಯಪ್: ರಚನೆಯ ತತ್ತ್ವ ಮತ್ತು ತರಗತಿಯ ಬಳಕೆ

ಪೀಠಿಕೆ

ಕೃಷ್ಣಗಿರಿ ಜಿಲ್ಲೆಯ ಬೇರಿಕೆ ಕರ್ನಾಟಕದ ಗಡಿಗೆ ಹತ್ತಿರದ ಊರು. ಅಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳಾಗಿವೆ. ಇಂತಹ ಊರಿನ ಕನ್ನಡ ಶಿಕ್ಷಕರು ಅಜ್ಜಿಯರ ಸೋಬಾನೆ ಪದಗಳನ್ನೂ ಕೋಲಾಟದ ಪದಗಳನ್ನೂ ಮಕ್ಕಳಿಂದ ಬರೆಸಿ ತರಿಸುವುದುಂಟು. ಆದರೆ ಪುಸ್ತಕಕ್ಕೆ ಬರುವುದು ಪದದ ಸಾಹಿತ್ಯ ಮಾತ್ರ, ಧಾಟಿ ಬರುವುದಿಲ್ಲ. ಹಾಡುವವರು ಇಲ್ಲವಾದ ಮೇಲೆ ಆ ಪುಟವನ್ನು ತೆರೆದವರ ಪಾಲಿಗೆ ಅದು ಹಾಡಾಗಿರದೆ ಬರಿಯ ಸಾಲುಗಳಾಗಿರುತ್ತದೆ.

ಧಾಟಿಯನ್ನು ಕಾಗದಕ್ಕೆ ಇಳಿಸುವ ಸಾಧನವೇ ಸ್ವರಲಿಪಿ. ಅದನ್ನು ಫೋನಿನಲ್ಲಿ ಬರೆದು ತಿದ್ದುವ ಆ್ಯಪ್ ಒಂದನ್ನು ಕನ್ನಡಕ್ಕಾಗಿ ರಚಿಸುವುದಾದರೆ ಅದರ ಒಳರಚನೆ ಹೇಗಿರಬೇಕು ಎಂಬುದು ಈ ಪಾಠದ ವಿಷಯ. ಇದು ಕಂಪ್ಯೂಟರ್ ಶಿಕ್ಷಕರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅಕ್ಷರ, ಮಾತ್ರೆ, ಗಣವಿಭಾಗಗಳನ್ನು ಬೋಧಿಸುವ ಭಾಷಾ ಶಿಕ್ಷಕರೇ ಇಲ್ಲಿ ಮೊದಲ ಪರಿಣತರು.

ಹಿಂದಿನ ಎರಡು ದಾರಿಗಳು

ದಕ್ಷಿಣ ಭಾರತದ ಸಂಗೀತವನ್ನು ಅಚ್ಚಿಗೆ ತರುವ ಪ್ರಯತ್ನ ಎರಡು ದಾರಿಗಳಲ್ಲಿ ಸಾಗಿತು. ಎ. ಎಂ. ಚಿನ್ನಸ್ವಾಮಿ ಮುದಲಿಯಾರರು 1893ರಲ್ಲಿ ಮದರಾಸಿನಿಂದ ಪ್ರಕಟಿಸಿದ ಗ್ರಂಥದಲ್ಲಿ ಕೃತಿಗಳನ್ನು ಪಾಶ್ಚಾತ್ಯರ ಐದು ಗೆರೆಗಳ ಲಿಪಿಯಲ್ಲಿ ಬರೆದರು. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ತೆಲುಗು ಅಕ್ಷರಗಳ ಸ್ವರಲಿಪಿಯನ್ನೇ ಉಳಿಸಿಕೊಂಡು, ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳನ್ನು ಸೇರಿಸಿದರು. ನಮ್ಮ ಸಂಗೀತ ಪುಸ್ತಕಗಳು ಬಹುಮಟ್ಟಿಗೆ ಅಕ್ಷರದ ದಾರಿಯನ್ನೇ ಹಿಡಿದವು.

ಇಂದಿನ ಪ್ರಸಿದ್ಧ ತಂತ್ರಾಂಶಗಳಾದರೋ ಐದು ಗೆರೆಗಳ ಲಿಪಿಗಾಗಿ ಹುಟ್ಟಿದವು. ಮ್ಯೂಸ್‌ಸ್ಕೋರ್ ಅಂಥದು. ಅಂತಹ ತಂತ್ರಾಂಶಗಳ ನಡುವೆ ಕಡತಗಳನ್ನು ವಿನಿಮಯ ಮಾಡಿಕೊಳ್ಳಲು 2004ರಲ್ಲಿ ರೂಪುಗೊಂಡ ಮ್ಯೂಸಿಕ್‌ಎಕ್ಸ್‌ಎಂಎಲ್ ಕ್ರಮವೂ ಮೂಲತಃ ಅದೇ ಲಿಪಿಗೆ ಸೇರಿದ್ದು. ಅಲ್ಲಿ ಪ್ರತಿ ಚಿಹ್ನೆಗೂ ನಿಶ್ಚಿತವಾದ ಎತ್ತರವಿದೆ. ನಮ್ಮ ಷಡ್ಜ ಹಾಗಲ್ಲ. ಹಾಡುವವರ ಶ್ರುತಿಯೊಡನೆ ಅದು ಏರುತ್ತದೆ, ಇಳಿಯುತ್ತದೆ. ಆದ್ದರಿಂದ ಸಿದ್ಧ ತಂತ್ರಾಂಶಕ್ಕೆ ಕನ್ನಡದ ಹೊದಿಕೆ ತೊಡಿಸಿದರೆ ಸಾಲದು.

ಬರಹದಂತೆ ಟೈಪ್ ಮಾಡಿದರೆ ಆಗುವ ತೊಡಕು

ಹೆಚ್ಚಿನ ಶಿಕ್ಷಕರು ಈಗ ಮಾಡುವುದೇನೆಂದರೆ ಸಾಮಾನ್ಯ ಕೀಲಿಮಣೆಯಿಂದ ಮೇಲಿನ ಸಾಲಿನಲ್ಲಿ ಸ್ವರ, ಕೆಳಗಿನ ಸಾಲಿನಲ್ಲಿ ಸಾಹಿತ್ಯವನ್ನು ಟೈಪ್ ಮಾಡಿ, ನಡುವೆ ಖಾಲಿ ಜಾಗ ಬಿಟ್ಟು ಒಂದರ ಕೆಳಗೊಂದು ಹೊಂದಿಸುವುದು. ಕನ್ನಡ ಅಕ್ಷರಗಳ ಅಗಲ ಸಮಾನವಲ್ಲ. ಅದೇ ಪುಟವನ್ನು ಬೇರೆ ಫಾಂಟ್ ಇರುವ ಫೋನಿನಲ್ಲಿ ತೆರೆದರೆ ಸಾಲುಗಳು ಜರುಗಿ, ಯಾವ ಅಕ್ಷರ ಯಾವ ಸ್ವರಕ್ಕೆ ಎಂಬುದೇ ತಿಳಿಯದಂತಾಗುತ್ತದೆ.

ಇನ್ನೊಂದು ತೊಡಕು ಸೂಕ್ಷ್ಮವಾದುದು. ಯೂನಿಕೋಡಿನಲ್ಲಿ ‘ರಿ’ ಎಂಬುದು ರಕಾರ ಮತ್ತು ಗುಡಿಸು ಎಂಬ ಎರಡು ಸಂಕೇತಗಳ ಜೋಡಣೆ. ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದರೆ ಹಲವು ಕೀಲಿಮಣೆಗಳಲ್ಲಿ ಗುಡಿಸು ಮಾತ್ರ ಹೋಗಿ ‘ರ’ ಉಳಿಯುತ್ತದೆ. ಸಾಮಾನ್ಯ ಬರಹದಲ್ಲಿ ಇದು ಕಾಗುಣಿತದ ತಪ್ಪು. ಆದರೆ 72 ಮೇಳಗಳ ಪದ್ಧತಿಯಲ್ಲಿ ರ, ರಿ, ರು ಎಂಬವು ಋಷಭದ ಮೂರು ಭೇದಗಳ ಹೆಸರು: ‘ರ’ ಶುದ್ಧ ಋಷಭ, ‘ರಿ’ ಚತುಃಶ್ರುತಿ ಋಷಭ. ಬೆರಳಿನ ಒಂದು ತಪ್ಪಿಗೆ ಸ್ವರಸ್ಥಾನವೇ ಬದಲಾಗಬಹುದು! ತಾರಸ್ಥಾಯಿಯ ಚುಕ್ಕಿಯದೂ ಇಂತಹುದೇ ಕಥೆ. ‘ಸ’ದ ಮೇಲೆ ಅದಕ್ಕೆ ಹೇಗೋ ಸ್ಥಳ ದೊರೆಯುತ್ತದೆ, ‘ರಿ’, ‘ನಿ’ಗಳ ಮೇಲಾದರೆ ಗುಡಿಸು ಮೊದಲೇ ಕುಳಿತಿರುವುದರಿಂದ ಚುಕ್ಕಿ ಅದರಲ್ಲಿ ಕಲೆತುಹೋಗುತ್ತದೆ.

ಅಕ್ಷರವಲ್ಲ, ಮನೆ

ಈ ತೊಡಕುಗಳಿಗೆಲ್ಲ ಮೂಲ ಒಂದೇ: ಸ್ವರಲಿಪಿಯನ್ನು ಬರಹವೆಂದು ಭಾವಿಸಿರುವುದು. ವಾಸ್ತವವಾಗಿ ಅದು ಕಾಲದ ಕೋಷ್ಟಕ. ಆ್ಯಪ್‌ನ ಮೂಲ ಘಟಕ ಅಕ್ಷರವಾಗಿರದೆ ಕೋಷ್ಟಕದ ಒಂದು ಮನೆಯಾಗಿರಬೇಕು. ಪ್ರತಿ ಮನೆಯಲ್ಲಿ ಸ್ವರ ಯಾವುದು, ಅದರ ಭೇದ ಯಾವುದು, ಸ್ಥಾಯಿ ಯಾವುದು, ಎಷ್ಟು ಕಾಲ ನಿಲ್ಲುತ್ತದೆ, ಅದರ ಕೆಳಗಿನ ಸಾಹಿತ್ಯದ ಅಕ್ಷರ ಯಾವುದು ಎಂಬ ಐದು ಸಂಗತಿಗಳು ಪ್ರತ್ಯೇಕವಾಗಿ ದಾಖಲಾಗಿರಬೇಕು. ತೆರೆಯ ಮೇಲೆ ಕಾಣುವ ‘ರಿ’ ಮತ್ತು ಚುಕ್ಕಿ ಆ ದಾಖಲೆಯ ಚಿತ್ರ ಮಾತ್ರ. ಆಗ ಅಳಿಸುವ ಕೀಲಿ ಇಡೀ ಸ್ವರವನ್ನು ಅಳಿಸುತ್ತದೆ. ಚುಕ್ಕಿಯನ್ನು ಗುಡಿಸಿಗೆ ತಾಗದಂತೆ ಆ್ಯಪ್ ತಾನೇ ಎಳೆಯುತ್ತದೆ.

ತಾಳವನ್ನು ಮೊದಲೇ ಆರಿಸಿಕೊಂಡರೆ ಎಣಿಕೆಯ ಭಾರವನ್ನೂ ಆ್ಯಪ್ ಹೊರಬಲ್ಲದು. ಆದಿತಾಳದ ಒಂದು ಆವರ್ತಕ್ಕೆ 4, 2, 2 ಎಂದು ಒಟ್ಟು 8 ಅಕ್ಷರಕಾಲ. ಸರಳೆ ವರಸೆಯ ಮೊದಲನೆಯ ಕಾಲದಲ್ಲಿ ಆವರ್ತಕ್ಕೆ 8 ಸ್ವರ, ಎರಡನೆಯದರಲ್ಲಿ 16, ಮೂರನೆಯದರಲ್ಲಿ 32. ಹ್ರಸ್ವವಾದ ‘ಸ’ ಒಂದು ಘಟಕ, ದೀರ್ಘವಾದ ‘ಸಾ’ ಎರಡು. ಲಘುಗುರುಗಳ ಪ್ರಸ್ತಾರ ಕಲಿತ ಮಗುವಿಗೆ ಇದು ಹೊಸದಲ್ಲ. ಆದರೆ ಒಂದು ಎಚ್ಚರಿಕೆ ಬೇಕು: ಛಂದಸ್ಸಿನಲ್ಲಿ ಲಘುವೆಂದರೆ ಒಂದು ಮಾತ್ರೆ, ಆದಿತಾಳದ ಲಘುವಾದರೆ 4 ಅಕ್ಷರಕಾಲ. ಒಂದೇ ಪದ, ಎರಡು ಅಳತೆ.

ಸಾಹಿತ್ಯದ ಸಾಲಿನಲ್ಲಿಯೂ ಆ್ಯಪ್ ಕನ್ನಡದ ಕ್ರಮದಲ್ಲಿಯೇ ಎಣಿಸಬೇಕು. ‘ಲಕ್ಷ್ಮೀ’ ಎಂಬ ಪದದಲ್ಲಿ ಯೂನಿಕೋಡ್ ಸಂಕೇತಗಳು 7; ಹಾಡುವವರಿಗೆ ಅಕ್ಷರಗಳು ಎರಡೇ. ಏಳು ಮನೆಗಳಿಗೆ ಅದನ್ನು ಹಂಚುವ ಆ್ಯಪ್ ಕನ್ನಡಕ್ಕೆ ನಿರುಪಯುಕ್ತ.

ಮೂರು ಲಿಪಿಗಳ ತರಗತಿ

ಬೇರಿಕೆಯಂತಹ ಊರಿಗೆ ಈ ರಚನೆಯಿಂದ ವಿಶೇಷ ಪ್ರಯೋಜನವಿದೆ. ಮನೆಯೊಳಗೆ ದಾಖಲಾಗಿರುವುದು ‘ಗಾಂಧಾರ’ ಎಂಬ ಅರ್ಥವೇ ಹೊರತು ‘ಗ’ ಎಂಬ ಅಕ್ಷರವಲ್ಲ. ಆದುದರಿಂದ ಅದೇ ಹಾಡನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ತೋರಿಸಬಹುದು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದಗಳಿಗೂ ಹಾಗೆಯೇ. ತಮಿಳಿನ ಸ್ವರಲಿಪಿಯನ್ನು ಅಕ್ಷರಕ್ಕೆ ಅಕ್ಷರವಾಗಿ ಕನ್ನಡಕ್ಕೆ ತಿರುಗಿಸಿದರೆ ‘ಸ ರಿ ಕ ಮ ಪ ತ ನಿ’ ಎಂಬ ವಿಚಿತ್ರ ಸಪ್ತಕ ಸಿಗುತ್ತದೆ. ಅರ್ಥವನ್ನು ದಾಖಲಿಸಿದ ಆ್ಯಪ್‌ನಲ್ಲಿ ಈ ಪ್ರಮಾದಕ್ಕೆ ಎಡೆಯಿಲ್ಲ. ಕನ್ನಡ ಪುಸ್ತಕಗಳಲ್ಲಿಯೇ ಧೈವತವನ್ನು ಕೆಲವರು ‘ದ’ ಎಂದೂ ಕೆಲವರು ‘ಧ’ ಎಂದೂ ಬರೆಯುವ ಭೇದವೂ ಹುಡುಕಾಟಕ್ಕೆ ಅಡ್ಡಿಯಾಗದು.

ಯಂತ್ರಕ್ಕೆ ಬಿಡಬಾರದ ಸಂಗತಿಗಳು

ಸೋಬಾನೆಯ ಅಜ್ಜಿ ಆದಿತಾಳವನ್ನು ಎಣಿಸಿ ಹಾಡುವವಳಲ್ಲ. ಉಸಿರಿಗೆ ತಕ್ಕಂತೆ ಒಂದು ಸಾಲು ಉದ್ದವಾಗುತ್ತದೆ, ಮುಂದಿನದು ಕಿರಿದಾಗುತ್ತದೆ. ತಾಳ ತಪ್ಪಿದೆಯೆಂದು ಆ್ಯಪ್ ಕೆಂಪು ಗೆರೆ ಎಳೆದಾಗ ಶಿಕ್ಷಕರು ಹಾಡನ್ನು ಗೆರೆಗೆ ಹೊಂದಿಸಿ ಕತ್ತರಿಸಿದರೆ, ಉಳಿಸಲು ಹೊರಟ ವಸ್ತುವನ್ನೇ ಕೆಡಿಸಿದಂತೆ. ಆದ್ದರಿಂದ ‘ತಾಳವಿಲ್ಲ’ ಎಂಬ ಆಯ್ಕೆ ಆ್ಯಪ್‌ನಲ್ಲಿ ಇರಲೇಬೇಕು. ಗಮಕವೂ ಕೊರಳಿನ ಎಳೆತವೂ ಮನೆಗಳಲ್ಲಿ ಪೂರ್ತಿ ಹಿಡಿಯುವಂಥವಲ್ಲ. ಹಾಡಿದ ಧ್ವನಿಮುದ್ರಣವನ್ನು ಅದೇ ಕಡತಕ್ಕೆ ಜೋಡಿಸಿಡುವ ಸೌಲಭ್ಯ ಬೇಕು. ಹಾಡಿದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಊರನ್ನೂ ಬರೆಯುವುದು ಶಿಕ್ಷಕರ ಕರ್ತವ್ಯ.

ಕಡತವನ್ನು ಉಳಿಸುವ ಕ್ರಮವೂ ಮುಖ್ಯ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಗಳು ಇಂದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುವುದನ್ನು ಹಿರಿಯ ಶಿಕ್ಷಕರು ಬಲ್ಲರು. ಸ್ವರಲಿಪಿಯ ಕಡತಕ್ಕೆ ಆ ಗತಿ ಬರಬಾರದೆಂದರೆ, ಆ್ಯಪ್ ನಿಂತುಹೋದರೂ ಯಾವುದೇ ಸಾಧನದಲ್ಲಿ ತೆರೆದು ಓದಬಹುದಾದ ಸರಳ ಪಠ್ಯರೂಪದಲ್ಲಿ ಅದನ್ನು ಉಳಿಸಬೇಕು.

ತರಗತಿ ಚಟುವಟಿಕೆ

ಆ್ಯಪ್‌ನ ಮೊದಲ ಮಾದರಿಗೆ ಫೋನ್ ಬೇಕಾಗಿಲ್ಲ. ಗಣಿತದ ಚೌಕುಳಿ ಪುಸ್ತಕ ಸಾಕು. ಮಕ್ಕಳು ಸಾಲಿಗೆ 8 ಮನೆಗಳನ್ನು ಗುರುತಿಸಿ, 4, 6, 8ನೆಯ ಮನೆಗಳ ಬಳಿಕ ದಪ್ಪ ಗೆರೆ ಎಳೆಯಲಿ. ಮೇಲಿನ ಮನೆಗಳಲ್ಲಿ ಸರಳೆ ವರಸೆಯ ಒಂದು ಆವರ್ತ, ಕೆಳಗಿನ ಮನೆಗಳಲ್ಲಿ ತಮಗೆ ಬೇಕಾದ ಎಂಟು ಅಕ್ಷರಗಳ ಮಾತು ಬರೆಯಲಿ. ಬಳಿಕ ನಡುವಿನ ಒಂದು ಸ್ವರವನ್ನು ದೀರ್ಘವಾಗಿಸಲು ಹೇಳಬೇಕು. ಮುಂದಿನ ಸ್ವರಗಳೆಲ್ಲ ಒಂದೊಂದು ಮನೆ ಸರಿಯಬೇಕೇ, ಅಥವಾ ಪಕ್ಕದ ಸ್ವರ ಮಾತ್ರ ಬಿಟ್ಟುಹೋಗಬೇಕೇ? ಕೆಳಗಿನ ಅಕ್ಷರವೂ ಜೊತೆಯಲ್ಲಿ ಸರಿಯಬೇಕೇ? ಮಕ್ಕಳು ತಾಳ ಹಾಕಿ ಹಾಡಿ ನೋಡಿ ನಿರ್ಧರಿಸಲಿ. ಅವರ ನಿರ್ಧಾರಗಳನ್ನು ಕರಿಹಲಗೆಯ ಮೇಲೆ ನಿಯಮಗಳಾಗಿ ಬರೆದರೆ, ಆ್ಯಪ್ ರಚಿಸುವವರಿಗೆ ಕೊಡಬಹುದಾದ ಮೊದಲ ವಿವರಣ ಪತ್ರ ಸಿದ್ಧವಾಗುತ್ತದೆ. ಮುಂದಿನ ವಾರ ಮನೆಯ ಹಿರಿಯರ ಒಂದು ಪದವನ್ನು ದಪ್ಪ ಗೆರೆಗಳಿಲ್ಲದ ಚೌಕುಳಿಗೆ ಇಳಿಸುವ ಕೆಲಸ ಕೊಡಬಹುದು.